ಕಲ್ಲು ಉಂಟು, ಚಿತ್ರ ಇಲ್ಲ

ನಮ್ಮ ಹಳೆಯ ಮನೆ ಈಗ ಇರುವುದು ಮೊಮ್ಮಗನ ಕಂಪ್ಯೂಟರಿನ ಒಳಗೆ ಮಾತ್ರ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿಯನ್ನು ಆರು ಸಾಲಿನದ್ದಾಗಿ ಅಗಲಿಸುವಾಗ ರಸ್ತೆಬದಿಯ ಎಷ್ಟೋ ಮನೆಗಳ ಜೊತೆಗೆ ನಮ್ಮದೂ ಹೋಯಿತು. ಅದು 2022ರ ಮಾತು. ಪರಿಹಾರ ಬಂತು, ಒಳಗಡೆ ಹೊಸ ಮನೆಯೂ ಆಯಿತು. ಆ ಬಗ್ಗೆ ದೂರುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಹೋದ ಮನೆ ಎರಡನೆಯ ಸಲ ಹೋಗುವುದರಲ್ಲಿತ್ತು, ಆ ಕತೆಯನ್ನು ಹೇಳಬೇಕು.

2024ರ ಬೇಸಗೆ ರಜೆಯಲ್ಲಿ ಮೊಮ್ಮಗನೂ ಪಕ್ಕದ ಮನೆಯ ಅವನ ಗೆಳೆಯನೂ ಸೇರಿ ಆ ಮನೆಯನ್ನು ಮತ್ತೆ ಕಟ್ಟಿದರು. ಒಬ್ಬನದು ಕನ್ನಡ, ಇನ್ನೊಬ್ಬನದು ಮಲಯಾಳ. ಆಟದಲ್ಲಿ ಮಾತ್ರ ಇಬ್ಬರದೂ ಯಾವ ಭಾಷೆ ಎಂದು ಹೇಳುವುದು ಕಷ್ಟ. ಕಟ್ಟಿದ್ದು ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ. ಗೊತ್ತಿಲ್ಲದ ನನ್ನಂಥ ಹಿರಿಯರಿಗಾಗಿ ಎರಡು ಮಾತು ಹೇಳುತ್ತೇನೆ. ಅಲ್ಲಿ ಪ್ರಪಂಚವೆಲ್ಲ ಚೌಕ ತುಂಡುಗಳಿಂದ ಆದದ್ದು. ಒಂದೊಂದು ತುಂಡೂ ಒಂದು ಮೀಟರ್ ಉದ್ದ, ಅಗಲ, ಎತ್ತರ ಎಂದು ಲೆಕ್ಕ. ಅಗೆಯಬಹುದು, ಇಡಬಹುದು, ಕಟ್ಟಬಹುದು. ಸ್ವೀಡನ್ನಿನಲ್ಲಿ 2009ರಲ್ಲಿ ಆರಂಭವಾಗಿ 2011ರಲ್ಲಿ ಪೂರ್ಣರೂಪಕ್ಕೆ ಬಂದ ಈ ಆಟವನ್ನು ಮಾಡಿದ ಕಂಪೆನಿಯನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕೊಂಡಿತು. 2023ರ ಹೊತ್ತಿಗೆ ಆಟದ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಮೂಲ ಆಟದಲ್ಲಿ ಇಲ್ಲದ್ದನ್ನು ಆಡುವವರೇ ಬರೆದು ಸೇರಿಸಿಕೊಳ್ಳಬಹುದು. ಅಂಥ ಸೇರ್ಪಡೆಗೆ ಮಾಡ್ ಎಂದು ಹೆಸರು. ಮೊಮ್ಮಗ ಮೊದಲ ಸಲ "ಅಜ್ಜ, ಮನೆಗೆ ಒಂದು ಮಾಡ್ ಹಾಕಿದೆ" ಎಂದಾಗ ನಾನು ಹಂಚಿನ ಮಾಡು ಎಂದೇ ತಿಳಿದು, "ಗೋಡೆ ಏಳುವ ಮೊದಲೇ ಮಾಡಾ?" ಎಂದು ಕೇಳಿದ್ದೆ. ಹುಡುಗರು ಬಹಳ ದಿನ ಅದನ್ನು ಹೇಳಿ ನಗುತ್ತಿದ್ದರು.

ಆದರೆ ಗೋಡೆಗೂ ಮಾಡ್ ಬೇಕಾಯಿತು. ಯಾಕೆಂದರೆ ಮೂಲ ಆಟದಲ್ಲಿ ಮುರಕಲ್ಲು ಇಲ್ಲ. ನಮ್ಮ ಕಡೆಯ ಮನೆಗೆ ಮುರಕಲ್ಲಿಲ್ಲದೆ ಆಗುವುದು ಹೇಗೆ? ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದೇ ನಮ್ಮ ಈ ಕರಾವಳಿಯನ್ನು ನೋಡಿ. ಮಲಬಾರಿನ ಅಂಗಾಡಿಪ್ಪುರದಲ್ಲಿ ಜನ ನೆಲದಿಂದ ಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಆ ಹೆಸರು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ. ಬೇಕಲದ ಕೋಟೆ ಅದೇ ಕಲ್ಲಿನದು, ನನ್ನ ತಂದೆ ಕಟ್ಟಿಸಿದ ಮನೆಯೂ ಅದೇ ಕಲ್ಲಿನದು. ಮೊಮ್ಮಗ ಎಲ್ಲಿಂದಲೋ ಮುರಕಲ್ಲು ಕೊಡುವ ಮಾಡ್ ಹುಡುಕಿ ತಂದ. ಇಳಿಜಾರು ಹಂಚಿನ ಮಾಡು ಕೊಡುವ ಮಾಡನ್ನು ಗೆಳೆಯ ತಂದ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಸುಡಲು ತೊಡಗಿದ ಆ ಹಂಚು ಎಲ್ಲೆಲ್ಲಿಗೆ ಹೋಗಿ ತಲಪಿತು ಎಂದು ನನಗೆ ಬೆರಗಾಯಿತು.

ಒಂದು ತಿಂಗಳು ಕಟ್ಟಿದರು. ಅಂಗಳ, ಜಗಲಿ, ಚಾವಡಿ, ಬಚ್ಚಲುಕೊಟ್ಟಿಗೆ ಎಲ್ಲದಕ್ಕೂ ಅಳತೆ ಹೇಳುವವನು ನಾನು. ಗೆಳೆಯನ ಮಾಡ್ ಬರುವ ತನಕ ಮೇಲೆ ಏನೂ ಇರಲಿಲ್ಲ. ಅದು ಬಂದ ಮೇಲೆ ಒಂದು ರಾತ್ರಿ ಇಬ್ಬರೂ ಕೂತು ಪೂರ್ತಿ ಮಾಡು ಹೊದಿಸಿದರು. ಅವರು ಕೆಲಸ ಮಾಡಿದ್ದು ಮೇಲೆಯೇ ನಿಂತು, ಹಂಚಿನ ಕಡೆ ಮುಖ ಮಾಡಿ. ಕೆಳಗಿಳಿದು ಮನೆಯನ್ನು ನೋಡಿದ್ದು ಮರುದಿನ ಬೆಳಿಗ್ಗೆ.

"ಅಜ್ಜಾ, ಮನೆ ಹೋಯ್ತು" ಎಂದ ಮೊಮ್ಮಗ.

ನಾನು ಹೋಗಿ ನೋಡಿದೆ. ಮಾಡು ಇದೆ, ಚೆನ್ನಾಗಿಯೇ ಇದೆ. ಅದರ ಕೆಳಗೆ ಗೋಡೆ ಇರಬೇಕಾದಲ್ಲೆಲ್ಲ ಕಣ್ಣು ಚುಚ್ಚುವ ನೇರಳೆ ಮತ್ತು ಕಪ್ಪು ಚೌಕಗಳು, ಚದುರಂಗದ ಹಲಗೆಯನ್ನು ಬಿಡಿಸಿ ಅಂಟಿಸಿದ ಹಾಗೆ. ಹುಡುಗರು ಅಷ್ಟರಲ್ಲಿ ಜಗಳಕ್ಕೆ ಶುರುಮಾಡಿದ್ದರು. "ಎಂಡೇದಲ್ಲ, ನಿಂಡೇದಾಣ್" ಎಂದು ಅವನು. "ನನ್ನದು ಒಂದು ತಿಂಗಳಿಂದ ಸರಿ ಇತ್ತು" ಎಂದು ಇವನು. ಮೊಮ್ಮಗ ಆಗಲೇ ಹಂಚಿನ ಮಾಡನ್ನು ಕಿತ್ತುಹಾಕಲು ಹೊರಟಿದ್ದ.

ನಾನು ಬದುಕಿನಲ್ಲಿ ಮಾಡಿದ ಕೆಲಸ ಆಧಾರ ಬರೆಯುವುದು. ಮೂವತ್ತಾರು ವರ್ಷ ಕನ್ನಡದಲ್ಲೂ ಮಲಯಾಳದಲ್ಲೂ ಜಾಗದ ಕ್ರಯ, ದಾನ, ಪಾಲುಪಟ್ಟಿಗಳನ್ನು ಬರೆದೆ. ಕಂಪ್ಯೂಟರಿನ ವಿದ್ಯೆ ನನಗೆ ಇಲ್ಲ. ಆದರೆ ತಕರಾರು ಇರುವ ಕಾಗದವನ್ನು ಮುಟ್ಟುವ ಮೊದಲು ಅದರ ನಕಲು ತೆಗೆಯಬೇಕು ಎಂಬುದು ಕೈಗೆ ಅಂಟಿದ ಅಭ್ಯಾಸ. "ಕೀಳುವ ಮೊದಲು ಇಡೀ ಮನೆಯ ಒಂದು ನಕಲು ಮಾಡು" ಎಂದೆ. ಪ್ರತಿಯೊಂದು ಪ್ರಪಂಚವೂ ಸೇವ್ಸ್ ಎಂಬ ಕಪಾಟಿನಲ್ಲಿ ಬೇರೆಬೇರೆ ಕಡತವಾಗಿ ಇರುತ್ತದಂತೆ. ಅದನ್ನು ಹಾಗೇ ಇನ್ನೊಂದು ಕಡೆಗೆ ನಕಲಿಸಿದರೆ ಸಾಕು. ಹುಡುಗ ಮುಖ ಸಣ್ಣದು ಮಾಡಿಕೊಂಡು ನಕಲು ಮಾಡಿದ. ಪ್ರಯೋಗವೆಲ್ಲ ನಕಲಿನ ಮೇಲೆ ಎಂದು ಕರಾರಾಯಿತು.

ನಕಲಿನಲ್ಲಿ ಹಂಚಿನ ಮಾಡನ್ನು ತೆಗೆದು ತೆರೆದರು. ಗೋಡೆ ಕೆಂಪಗೆ, ಮೊದಲಿನ ಹಾಗೆ ಬಂದಿತ್ತು! ಆದರೆ ಮೇಲೆ ಬರೀ ಆಕಾಶ. ಒಂದು ಹಂಚೂ ಇಲ್ಲ. ಸರಿ, ಮಾಡ್ ವಾಪಸು ಹಾಕಿದರೆ ಹಂಚು ಬಂದೀತು ಎಂದು ವಾಪಸು ಹಾಕಿ ತೆರೆದರು. ಗೋಡೆ ಮತ್ತೆ ನೇರಳೆಯಾಯಿತು, ಹಂಚು ಮಾತ್ರ ಬರಲೇ ಇಲ್ಲ.

ಇಬ್ಬರೂ ಮಾತಿಲ್ಲದೆ ಕೂತರು. ನಡೆದದ್ದು ಇಷ್ಟು: ಆಟ ತೆರೆಯುವಾಗ ಒಂದು ತುಂಡನ್ನು ಕೊಟ್ಟ ಮಾಡ್ ಇಲ್ಲದಿದ್ದರೆ ಆ ತುಂಡು ಏನೆಂದು ಆಟಕ್ಕೆ ಗೊತ್ತಾಗುವುದಿಲ್ಲ. ಆ ಜಾಗದಲ್ಲಿ ಗಾಳಿ ಎಂದು ಬರೆದು ಉಳಿಸಿಬಿಡುತ್ತದೆ. ಒಮ್ಮೆ ಹಾಗೆ ಉಳಿಸಿದ ಮೇಲೆ ಮಾಡ್ ತಿರುಗಿ ಬಂದರೂ ತುಂಡು ಬರುವುದಿಲ್ಲ. ನಕಲು ಇಲ್ಲದೆ ಇದನ್ನು ಮಾಡಿದ್ದರೆ ಒಂದು ರಾತ್ರಿಯ ಹಂಚು ಹೋಗುತ್ತಿತ್ತು. ಸಿಟ್ಟಿನಲ್ಲಿ ಮುರಕಲ್ಲಿನ ಮಾಡನ್ನು ಕಿತ್ತಿದ್ದರೆ ಒಂದು ತಿಂಗಳ ಗೋಡೆಯೇ ಹೋಗುತ್ತಿತ್ತು.

ಆಗ ನನಗೆ ಹೊಳೆದದ್ದನ್ನು ಹೇಳುತ್ತೇನೆ. ಗಾಳಿ ಎಂದರೆ ಕಲ್ಲು ಹೋಗಿದೆ ಎಂದರ್ಥ. ನೇರಳೆ ಎಂದರೆ ಕಲ್ಲು ಉಂಟು, ಅದರ ಚಿತ್ರ ಮಾತ್ರ ಸಿಗುತ್ತಿಲ್ಲ. ಇವು ಎರಡು ಬೇರೆ ಬೇರೆ ಸಂಗತಿಗಳು. ಕಣ್ಣಿಗೆ ನೇರಳೆಯೇ ಹೆಚ್ಚು ಭಯಂಕರ, ನಿಜವಾಗಿ ಹೆದರಬೇಕಾದದ್ದು ಗಾಳಿಗೆ. ಈ ನೇರಳೆ-ಕಪ್ಪು ಚೌಕ ಯಾವ ಕಡತದಿಂದಲೂ ಬರುವುದಲ್ಲ, ಆಟ ತನ್ನ ಒಳಗಿನ ಲೆಕ್ಕದಿಂದಲೇ ಬರೆದುಕೊಳ್ಳುವುದು. ಚಿತ್ರ ಸಿಗದಾಗ ತೋರಿಸುವ ಚಿತ್ರವೂ ಸಿಗದೆ ಹೋಗಬಾರದಲ್ಲ. 2004ರ ಹಾಫ್ ಲೈಫ್ 2 ಆಟದಲ್ಲೂ ಇಂಥದೇ ಚೌಕ. 2011ರ ಸ್ಕೈರಿಮ್‌ನಲ್ಲಿ ಮೇಲ್ಮೈಯ ಚಿತ್ರ ಸಿಗದಿದ್ದರೆ ನೇರಳೆ, ಆಕಾರವೇ ಸಿಗದಿದ್ದರೆ ಕೆಂಪು ಆಶ್ಚರ್ಯಸೂಚಕ. ಮುಚ್ಚಿಡುವುದಕ್ಕಲ್ಲ, ಎದ್ದು ಕಾಣಲಿ ಎಂದೇ ಅಂಥ ಬಣ್ಣ.

ಕಲ್ಲು ಉಂಟು ಎಂದು ಖಚಿತಪಡಿಸಿಕೊಳ್ಳುವ ದಾರಿಯನ್ನು ಹುಡುಗರೇ ತೋರಿಸಿದರು. ಎಫ್ 3 ಕೀಲಿ ಒತ್ತಿ ನೇರಳೆ ಗೋಡೆಯ ಕಡೆ ನೋಡಿದರೆ ಪರದೆಯ ಬಲಬದಿಯಲ್ಲಿ ಆ ತುಂಡಿನ ಹೆಸರು ಬರುತ್ತದೆ. ಮೊದಲು ಮಾಡ್‌ನ ಹೆಸರು, ಆಮೇಲೆ ಕಲ್ಲಿನ ಹೆಸರು. ಬಂತು. ಮುಖ ಕಳಕೊಂಡ ಗೋಡೆ ಹೆಸರನ್ನು ಮಾತ್ರ ಸರಿಯಾಗಿ ಹೇಳಿತು.

ಆದರೆ ಗಂಡಾಂತರ ಬೇರೆ ಕಡೆಯಿಂದ ಬಂತು. ಹಂಚಿನ ಮಾಡ್ ತೆಗೆದಾಗ ಗೋಡೆ ಸರಿಯಾಯಿತಲ್ಲ, "ಕಂಡೆಯಾ, ನಿನ್ನದೇ ತಪ್ಪು" ಎಂದು ಮೊಮ್ಮಗ ಹೇಳಿಬಿಟ್ಟ. ಆ ಹುಡುಗ ಏನೂ ಹೇಳದೆ ಎದ್ದು ಚಪ್ಪಲಿ ಹಾಕಿಕೊಂಡು ಹೋದ. ಎರಡು ದಿನ ಬರಲಿಲ್ಲ.

ಆ ಎರಡು ದಿನ ನಾವಿಬ್ಬರೇ ಕೂತು ಹುಡುಕಿದೆವು. ಒಟ್ಟು 37 ಮಾಡ್‌ಗಳಿದ್ದವು. ಇಂಥಲ್ಲಿ ರೂಢಿಯ ಉಪಾಯ ಅರ್ಧರ್ಧ ಮಾಡುವುದು. ಅರ್ಧವನ್ನು ಬದಿಗಿಟ್ಟು ನೋಡುವುದು, ದೋಷ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡುವುದು. 37 ಇದ್ದರೂ ಆರು ಸಲದೊಳಗೆ ಒಂದಕ್ಕೆ ಬಂದು ನಿಲ್ಲುತ್ತದೆ. ಆದರೆ ಜಗಳ ಎರಡರ ನಡುವೆ ಇರುವಾಗ ಈ ಉಪಾಯ ಮೋಸ ಮಾಡುತ್ತದೆ. ಎರಡರಲ್ಲಿ ಯಾವುದನ್ನು ತೆಗೆದರೂ ಜಗಳ ನಿಲ್ಲುತ್ತದೆ, ತೆಗೆದದ್ದೇ ತಪ್ಪಿತಸ್ಥ ಎಂದು ತೋರುತ್ತದೆ. ನಾವು ಇನ್ನೊಂದು ಹೊಸ ನಕಲಿನಲ್ಲಿ ಕಲ್ಲಿನದು ಮತ್ತು ಹಂಚಿನದು ಎರಡನ್ನೇ ಇಟ್ಟು ಉಳಿದ 35ನ್ನು ತೆಗೆದೆವು. ಆಗಲೂ ನೇರಳೆ. ಹಾಗಾದರೆ ವ್ಯಾಜ್ಯ ಈ ಎರಡರದ್ದೇ.

ಆಟ ತೆರೆದಾಗಲೆಲ್ಲ ಅದು ಒಂದು ದಿನಚರಿ ಬರೆಯುತ್ತದೆ. ಲಾಗ್ಸ್ ಎಂಬ ಕಪಾಟಿನಲ್ಲಿ ಲೇಟೆಸ್ಟ್ ಡಾಟ್ ಲಾಗ್ ಎಂದು ಅದರ ಹೆಸರು. ಅದರಲ್ಲಿ ಸಾವಿರಾರು ಸಾಲು. ಅದನ್ನು ಓದುವ ತಾಳ್ಮೆ ಹುಡುಗರಿಗೆ ಇರುವುದಿಲ್ಲ. ಹಳೆಯ ಆಧಾರಗಳನ್ನು ಓದಿದವನಿಗೆ ಅದು ದೊಡ್ಡದಲ್ಲ. ಮೊಮ್ಮಗ ಇಂಗ್ಲಿಷಿನ ಅರ್ಥ ಹೇಳಿದ, ನಾನು ಬೆರಳಿಟ್ಟು ಓದಿದೆ. ನಾಲ್ಕು ಕಡೆ ಒಂದೇ ಮಾತು ಇತ್ತು: ಮುರಕಲ್ಲಿನ ಇಂಥ ಆಕಾರಪತ್ರಕ್ಕೆ ಬೇಕಾದ ಚಿತ್ರ ಇಂಥ ವಿಳಾಸದಲ್ಲಿ ಸಿಗಲಿಲ್ಲ. ವಿಳಾಸ ಇದ್ದದ್ದು ಗೆಳೆಯನ ಹಂಚಿನ ಮಾಡ್‌ನಲ್ಲಿ!

ಮಾಡ್ ಎಂಬುದು ಜಾರ್ ಎಂಬ ಒಂದು ಕಟ್ಟು. ಜಿಪ್ ಕಟ್ಟನ್ನು ಬಿಚ್ಚುವಂತೆಯೇ ಅದನ್ನೂ ಬಿಚ್ಚಬಹುದು. ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟೆವು. ಆಟದ ಕ್ರಮ ಹೀಗೆ: ಕಲ್ಲಿಗೆ ಒಂದು ಹೆಸರು, ಹೆಸರಿಗೆ ಒಂದು ಆಕಾರಪತ್ರ, ಆಕಾರಪತ್ರದಲ್ಲಿ ಚಿತ್ರದ ವಿಳಾಸ. ಕಲ್ಲಿನ ಮಾಡ್‌ನಲ್ಲಿ ಈ ಮೂರೂ ಸರಿಯಾಗಿದ್ದವು. ಹಂಚಿನ ಮಾಡ್‌ನ ಒಳಗೆ ಹೋದರೆ ಅಲ್ಲಿಯೂ ಕಲ್ಲಿನ ಮಾಡ್‌ನ ಹೆಸರಿನದೇ ಒಂದು ಕೋಣೆ, ಅದರಲ್ಲಿ ಅದೇ ಹೆಸರಿನ ನಾಲ್ಕು ಆಕಾರಪತ್ರಗಳು. ಹಂಚೂ ಕಲ್ಲೂ ಸೇರುವಲ್ಲಿ ಚಂದ ಕಾಣಲಿ ಎಂದು ಅದನ್ನು ಬರೆದವರು ಕಲ್ಲಿಗೂ ತಮ್ಮದೇ ಚಿತ್ರ ಕೊಟ್ಟಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದು.

ನನಗೆ ಇದು ಚೆನ್ನಾಗಿ ಅರ್ಥವಾಯಿತು. ಒಂದೇ ಸರ್ವೆ ನಂಬರಿಗೆ ಎರಡು ಆಧಾರ! ನಮ್ಮಲ್ಲಿ ಅಂಥದು ಬಂದರೆ ಮುನ್ನಾಧಾರಕ್ಕೆ ಬೆಲೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 48ನೆಯ ಕಲಮು ಹೇಳುವುದೂ ಅದನ್ನೇ: ಮೊದಲು ಹುಟ್ಟಿದ ಹಕ್ಕಿಗೆ ಆಮೇಲಿನ ಹಕ್ಕು ಅಧೀನ. ಆಟದ ಕಾನೂನು ಇದಕ್ಕೆ ತಲೆಕೆಳಗು. ಒಂದೇ ಹೆಸರಿನ ಎರಡು ಪತ್ರ ಇದ್ದರೆ ಮೇಲೆ ಕೂತದ್ದಕ್ಕೆ ಬೆಲೆ. ಕೆಳಗಿನದು ಅಳಿಯುವುದಿಲ್ಲ, ಕಾಣುವುದಿಲ್ಲ ಅಷ್ಟೆ.

ಹಾಗಿದ್ದರೂ ಗೋಡೆ ಬೇರೆ ಬಣ್ಣದಲ್ಲಿ ಕಾಣಬೇಕಿತ್ತು, ನೇರಳೆ ಯಾಕೆ? ಚಿತ್ರಗಳೂ ಆ ಕಟ್ಟಿನ ಒಳಗೇ ಇದ್ದವು, ನಾವು ಕಣ್ಣಾರೆ ಕಂಡೆವು. ಇದಕ್ಕೆ ಉತ್ತರ ಸಿಕ್ಕಿದ್ದು ಎರಡನೆಯ ದಿನ ರಾತ್ರಿ. 2022ರ ಡಿಸೆಂಬರಿನಲ್ಲಿ ಬಂದ 1.19.3 ಆವೃತ್ತಿಯ ತನಕ ಆಕಾರಪತ್ರದಲ್ಲಿ ಯಾವ ವಿಳಾಸ ಬರೆದರೂ ಆಟ ಅಲ್ಲಿಗೆ ಹೋಗಿ ಚಿತ್ರ ತರುತ್ತಿತ್ತು. ಆ ಆವೃತ್ತಿಯಿಂದ ಈಚೆಗೆ ತುಂಡುಗಳ ಚಿತ್ರಗಳನ್ನು ಗೊತ್ತುಮಾಡಿದ ಕೆಲವು ಕೋಣೆಗಳಿಂದ ಮಾತ್ರ ತರುತ್ತದೆ. ಬೇರೆ ಕೋಣೆಯಿಂದ ಬೇಕಾದರೆ ಪಟ್ಟಿಯಲ್ಲಿ ಹಾಗೆಂದು ಬರೆದಿರಬೇಕು. ಹುಡುಗರು ಆಡುತ್ತಿದ್ದದ್ದು 2023ರ ಜೂನ್‌ನಲ್ಲಿ ಬಂದ 1.20.1 ಆವೃತ್ತಿ. ಹಂಚಿನ ಮಾಡ್‌ನವರು ತಮ್ಮ ಹಂಚಿನ ಚಿತ್ರಗಳನ್ನೆಲ್ಲ ಸರಿಯಾದ ಕೋಣೆಗೆ ಸಾಗಿಸಿದ್ದರು. ಕಲ್ಲಿಗಾಗಿ ಮಾಡಿದ್ದ ನಾಲ್ಕು ಚಿತ್ರಗಳನ್ನು ಮಾತ್ರ ಹಳೆಯ ಕೋಣೆಯಲ್ಲೇ ಬಿಟ್ಟಿದ್ದರು, ಮರೆತಿರಬೇಕು.

ನಮ್ಮ ಜಾಗದ ಕಾಗದಗಳೂ ಹೀಗೆಯೇ. 1956ರ ನವೆಂಬರ್ 1ಕ್ಕೆ ಮೊದಲಿನ ಆಧಾರದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದಿದೆ. 1957ರ ನಂತರದ್ದರಲ್ಲಿ ಕಣ್ಣೂರು ಜಿಲ್ಲೆ. 1984ರ ಮೇ 24ರ ನಂತರದ್ದರಲ್ಲಿ ಕಾಸರಗೋಡು ಜಿಲ್ಲೆ. ತೋಡು ಹರಿಯುವಲ್ಲೇ ಹರಿಯಿತು, ಕಂಗು ಇದ್ದಲ್ಲೇ ಇತ್ತು. ಹಳೆಯ ವಿಳಾಸ ಹಿಡಿದು ಹೊಸ ಕಚೇರಿಗೆ ಹೋದವನಿಗೆ ಮಾತ್ರ ಜಾಗ ಸಿಗುವುದಿಲ್ಲ. ಅಂಥವರಿಗೆ ಒಂದು ಕಾಗದದಿಂದ ಇನ್ನೊಂದಕ್ಕೆ ದಾರಿ ತೋರಿಸಿಯೇ ನಾನು ಸಂಸಾರ ಸಾಕಿದ್ದು.

ಮಾರನೆಯ ದಿನ ಬೆಳಿಗ್ಗೆ ಮೊಮ್ಮಗನನ್ನು ಕರಕೊಂಡು ಪಕ್ಕದ ಮನೆಗೆ ಹೋದೆ. ಅವನಿಗೆ ಹೋಗಲು ಮನಸ್ಸಿರಲಿಲ್ಲ. ಗೆಳೆಯ ಜಗಲಿಯಲ್ಲೇ ಇದ್ದ, ಒಳಗೆ ಹೋಗಲೋ ಬೇಡವೋ ಎಂದು ನಿಂತ. ನಾನು ಮಲಯಾಳದಲ್ಲಿ ಹೇಳಿದೆ: ತಪ್ಪು ಕಲ್ಲಿನದೂ ಅಲ್ಲ, ಹಂಚಿನದೂ ಅಲ್ಲ, ಎರಡೂ ಒಂದೊಂದೇ ಇದ್ದರೆ ಸರಿಯಾಗಿಯೇ ಇವೆ. ಒಂದು ವಿಳಾಸ ಹಳತಾಗಿದೆ, ಅಷ್ಟೆ. ನೀನು ಬಂದರೆ ಸರಿಮಾಡಬಹುದು. ಅವನು ಮೊಮ್ಮಗನ ಮುಖ ನೋಡಿದ. ಮೊಮ್ಮಗ, "ಹಂಚು ಅಸಲಿನಲ್ಲಿ ಹಾಗೇ ಉಂಟು" ಎಂದ. ಅದು ಅವನ ಕ್ಷಮಾಪಣೆ ಎಂದು ಇಬ್ಬರಿಗೂ ಗೊತ್ತಾಯಿತು.

ಎರಡು ಮಾಡ್‌ಗಳಲ್ಲಿ ಒಂದನ್ನೂ ತೆಗೆಯುವ ಹಾಗಿಲ್ಲ. ಹಾಗಾಗಿ ಮೂರನೆಯದೊಂದನ್ನು ಮಾಡಿದೆವು. ರಿಸೋರ್ಸ್ ಪ್ಯಾಕ್ ಎಂದು ಅದಕ್ಕೆ ಹೆಸರು. ಅದು ಹೊಸ ತುಂಡು ಕೊಡುವುದಿಲ್ಲ, ಇರುವ ತುಂಡಿಗೆ ಚಿತ್ರವನ್ನೋ ಆಕಾರವನ್ನೋ ಹೇಳುತ್ತದೆ ಅಷ್ಟೆ, ಆದ್ದರಿಂದ ಹಾಕಿದರೂ ತೆಗೆದರೂ ಒಂದು ಕಲ್ಲೂ ಕಳೆಯುವುದಿಲ್ಲ. ಮಾಡುವುದೂ ದೊಡ್ಡ ವಿದ್ಯೆಯಲ್ಲ. ಒಂದು ಖಾಲಿ ಕಡತ, ಅದರಲ್ಲಿ ಪ್ಯಾಕ್ ಡಾಟ್ ಎಂಸಿಮೆಟಾ ಎಂಬ ಸಣ್ಣ ಚೀಟಿ. ಇದು ಯಾವ ಆವೃತ್ತಿಗೆ ಎಂದು ಚೀಟಿಯಲ್ಲಿ ಒಂದು ಸಂಖ್ಯೆ, 1.20.1ಕ್ಕೆ ಆ ಸಂಖ್ಯೆ 15. ಪಕ್ಕದಲ್ಲಿ ಅಸೆಟ್ಸ್ ಎಂಬ ಕೋಣೆ. ಅದರೊಳಗೆ ಕಲ್ಲಿನ ಮಾಡ್‌ನ ಹೆಸರಿನ ಕೋಣೆ ಮಾಡಿ, ಆ ಮಾಡ್‌ನ ಅಸಲು ಆಕಾರಪತ್ರಗಳನ್ನು ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿ ನಕಲಿಸಬೇಕು. ಆಟದ ಪಟ್ಟಿಯಲ್ಲಿ ಇದನ್ನು ಎಲ್ಲದಕ್ಕಿಂತ ಮೇಲೆ ಇಡಬೇಕು. ಮೇಲೆ ಕೂತದ್ದಕ್ಕೆ ಬೆಲೆ ಎಂಬ ಕಾನೂನು ಈಗ ನಮ್ಮ ಉಪಯೋಗಕ್ಕೆ ಬಂತು. ಅಕ್ಷರಗಳೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳೇ ಆಗಿರಬೇಕು, ಒಂದು ದೊಡ್ಡ ಅಕ್ಷರ ಬಿದ್ದರೂ ಆಟ ಒಪ್ಪುವುದಿಲ್ಲ. ಮೊದಲ ಸಲ ಮೊಮ್ಮಗ ಹಾಗೆ ತಪ್ಪಿದ, ಗೆಳೆಯ ಕಂಡುಹಿಡಿದ.

ಎಫ್ 3 ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆಟ ಚಿತ್ರಗಳನ್ನೆಲ್ಲ ಮತ್ತೊಮ್ಮೆ ಓದಿಕೊಳ್ಳುತ್ತದೆ. ಒತ್ತಿದ್ದು ಗೆಳೆಯ. ಪರದೆ ಒಂದು ಗಳಿಗೆ ಮಬ್ಬಾಗಿ, ಹಂಚಿನ ಕೆಳಗೆ ಗೋಡೆ ಕೆಂಪಗೆ ನಿಂತಿತು. ಒಳಗಿನಿಂದ ಬಂದ ಮೊಮ್ಮಗನ ಅಮ್ಮ ಪರದೆ ನೋಡಿ, "ಬಾಗಿಲ ಪಕ್ಕದಲ್ಲಿ ಸಿಮೆಂಟು ಮೆತ್ತಿದ ಜಾಗ ಎಲ್ಲಿ?" ಎಂದು ಕೇಳಿದಳು. ಮನೆ ಗುರುತಾಯಿತು ಎಂಬುದಕ್ಕೆ ಬೇರೆ ಸಾಕ್ಷಿ ನನಗೆ ಬೇಕಾಗಲಿಲ್ಲ.

ಆಮೇಲೆ ಹುಡುಗರಿಗೆ ಹುಮ್ಮಸ್ಸು ಬಂತು. ಚಿತ್ರವನ್ನೂ ನಮ್ಮದೇ ಮಾಡಬಹುದಲ್ಲ ಎಂದರು. ಹಳೆಯ ಮನೆಯ ಒಂದೇ ಒಂದು ಕಲ್ಲು ನಮ್ಮಲ್ಲಿ ಉಳಿದಿದೆ, ಹೊಸ ಬಾವಿಯ ಹತ್ತಿರ ಬಟ್ಟೆ ಒಗೆಯಲು ಹಾಕಿದ್ದೇವೆ. ಅದನ್ನು ತೊಳೆದು, ಒಣಗಿಸಿ, ಫೋಟೋ ತೆಗೆದರು. ಆಟದಲ್ಲಿ ಒಂದು ತುಂಡಿನ ಒಂದು ಮುಖಕ್ಕೆ ಸಾಮಾನ್ಯವಾಗಿ 16ಕ್ಕೆ 16, ಎಂದರೆ 256 ಚುಕ್ಕೆಗಳು. ಅಷ್ಟಕ್ಕೆ ಇಳಿಸಿದರೆ ಕಲ್ಲಿನ ತೂತು, ಗೀರು, ಪಾಚಿ ಒಂದೂ ತಿಳಿಯುವುದಿಲ್ಲ, ಬಣ್ಣ ಮಾತ್ರ ಉಳಿಯುತ್ತದೆ. ಆ ಬಣ್ಣ ಸರಿಯಾಗಿತ್ತು.

ಮುರಕಲ್ಲು, ಅರ್ಧ ಕಲ್ಲು, ಮೆಟ್ಟಿಲು ಹೀಗೆ ಮೂರು ಬಗೆ ಮುಗಿಯಿತು. ನಾಲ್ಕನೆಯದು ಗಾರೆ ಗೋಡೆ. ಅದರಿಂದ ಕಟ್ಟಿದ್ದು ಅಡುಗೆಮನೆಯ ಒಳಭಾಗ ಒಂದನ್ನೇ. "ಅಜ್ಜ, ಅಲ್ಲಿಗೆ ಯಾವ ಬಣ್ಣ ಇತ್ತು?" ಎಂದು ಕೇಳಿದರು. ನಾನು ಹೇಳಲು ಬಾಯಿ ತೆರೆದೆ, ಹೇಳಲಾಗಲಿಲ್ಲ. ಒಲೆಯ ಮೇಲಿನ ಮಸಿ ನೆನಪಿದೆ, ಕಿಟಕಿಯ ಸರಳು ನೆನಪಿದೆ, ನನ್ನ ತಾಯಿ ಎಲ್ಲಿ ಕೂರುತ್ತಿದ್ದಳು ಎಂಬುದು ನೆನಪಿದೆ. ಗೋಡೆಯ ಬಣ್ಣ ನೀಲಿಯೋ, ಬರೀ ಸುಣ್ಣವೋ! ಮನೆಯ ಆಧಾರ ತೆಗೆದು ನೋಡಿದೆ. ಚಕ್ಕುಬಂದಿ ಉಂಟು, ಬಾವಿ ಉಂಟು, ಫಲ ಬರುವ ತೆಂಗು ಹದಿನಾಲ್ಕು ಎಂದು ಉಂಟು. ಅಡುಗೆಮನೆಯ ಬಣ್ಣವನ್ನು ಯಾರೂ ಆಧಾರದಲ್ಲಿ ಬರೆಯುವುದಿಲ್ಲ. ನಾನೂ ಮೂವತ್ತಾರು ವರ್ಷದಲ್ಲಿ ಯಾರದ್ದನ್ನೂ ಬರೆದಿಲ್ಲ.

"ಸುಮ್ಮನೆ ಬಿಳಿ ಹಾಕಲಾ?" ಎಂದ ಮೊಮ್ಮಗ. ಬೇಡ ಎಂದೆ. ಆ ಒಂದು ಪತ್ರವನ್ನು ಸರಿಪಡಿಸದೆ ಹಾಗೇ ಬಿಟ್ಟಿದ್ದೇವೆ. ಅಡುಗೆಮನೆಗೆ ಹೋದರೆ ಈಗಲೂ ನೇರಳೆ-ಕಪ್ಪು ಚೌಕ ಕಣ್ಣು ಚುಚ್ಚುತ್ತದೆ. ಪುತ್ತೂರಿನಲ್ಲಿ ನನ್ನ ಅಕ್ಕ ಇದ್ದಾಳೆ, ಎಂಬತ್ತೊಂದು ವರ್ಷ. ಅವಳಿಗೆ ಗೊತ್ತಿರಬಹುದು. ಫೋನಿನಲ್ಲಿ ಅವಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಹುಡುಗರಿಬ್ಬರನ್ನೂ ಕರಕೊಂಡು ಒಂದು ಆದಿತ್ಯವಾರ ಹೋಗಬೇಕು.